ಮಗಳಿಗೊಂದು ಪತ್ರ: ತಿರುವಿನ ಕಂದೀಲು

ಅಥೆನ್ಸ್, ಮಂಗಳವಾರ ರಾತ್ರಿ

ಪುಟ್ಟೀ,

ನೀನು ಕೇಳಿದ್ದರಲ್ಲಿ ಮೊದಲನೆಯದಕ್ಕೆ ಮೊದಲು ಉತ್ತರ. ಇಲ್ಲ, ಕಾರು ನಾನು ಓಡಿಸಲಿಲ್ಲ. ಇಲ್ಲಿ ಸ್ಟೇರಿಂಗ್ ಎಡಕ್ಕೆ, ಓಡಾಟ ಬಲಕ್ಕೆ. ರಸ್ತೆ ದಾಟುವಾಗಲೇ ತಪ್ಪು ಕಡೆ ನೋಡಿ ಎರಡು ಸಲ ಬೈಸಿಕೊಂಡಿದ್ದೇನೆ. ಶನಿವಾರ, ಭಾನುವಾರ ಎರಡು ದಿನವೂ ನಿನ್ನ ಗ್ರೀಸ್ ಆಂಟಿಯೇ ಓಡಿಸಿದಳು. ಹಾಸ್ಟೆಲ್‌ನಲ್ಲಿದ್ದಾಗ ಸೈಕಲ್ ಹತ್ತಲೂ ಹೆದರುತ್ತಿದ್ದವಳು ಈಗ ಘಟ್ಟದ ತಿರುವಿನಲ್ಲಿ ಕಿತ್ತಳೆ ತೊಳೆ ಬಾಯಿಗೆ ಹಾಕಿಕೊಳ್ಳುತ್ತಾ ಕಾರು ತಿರುಗಿಸುತ್ತಾಳೆ. ಇನ್ನು ಫೋನ್ ಯಾಕೆ ಸಿಗಲಿಲ್ಲ ಅಂದರೆ, ಚಾರ್ಜರ್ ಮರೆತಿದ್ದೆ. ಅಷ್ಟೇ.

ಉಳಿದದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಹೇಳಿದರೆ ನೀನು ಒಂದು ಹೆಬ್ಬೆರಳು ಕಳಿಸಿ ಮುಗಿಸುತ್ತೀಯ. ಅದಕ್ಕೇ ಕಾಗದ.

ಅಥೆನ್ಸಿನಿಂದ ಗಂಟೆ ಹೊತ್ತಿನ ದಾರಿಯಲ್ಲಿ ಕೊರಿಂತ್ ಕಾಲುವೆ ಸಿಗುತ್ತದೆ. ನಾನು ನಮ್ಮ ಭದ್ರಾ ನಾಲೆಯಂಥದ್ದೇನೋ ಅಂದುಕೊಂಡಿದ್ದೆ. ನೋಡಿದರೆ ಹಲಸಿನ ಹಣ್ಣನ್ನು ಕತ್ತಿಯಲ್ಲಿ ಸೀಳಿದ ಹಾಗೆ ಬಂಡೆಯನ್ನು ನೆಟ್ಟಗೆ ಸೀಳಿದ್ದಾರೆ. ಉದ್ದ 6 ಕಿ.ಮೀ.ಗೆ ಸ್ವಲ್ಪ ಹೆಚ್ಚು, ಅಗಲ ಬರೀ 25 ಮೀಟರ್ ಆಸುಪಾಸು. ಕೆಳಗೆ, ತುಂಬ ಕೆಳಗೆ, ನೀಲಿ ನೀರು. ಕ್ರಿ.ಶ. 67ರಲ್ಲಿ ನೀರೋ ಚಕ್ರವರ್ತಿ ಬಂದು ಗುದ್ದಲಿ ಪೂಜೆ ಮಾಡಿ ಹೋದ, ಕಾಲುವೆ ಉದ್ಘಾಟನೆಯಾದದ್ದು 1893ರಲ್ಲಿ. ನಮ್ಮ ಬಡಾವಣೆಯ ಒಳಚರಂಡಿ ಬಗ್ಗೆ ಇನ್ನು ಮೇಲೆ ಗೊಣಗುವುದಿಲ್ಲ.

ಅಲ್ಲಿಂದ ಎಪಿಡೌರಸ್ ಕಡೆಗೆ ಸಮುದ್ರ ಬಿಟ್ಟೂ ಬಿಡದ ಗುಡ್ಡದ ರಸ್ತೆ. ಎಡಕ್ಕೆ ಸಮುದ್ರ, ಬಲಕ್ಕೆ ಪೈನ್ ಮರ, ಅವುಗಳ ನಡುವೆ ಆಲಿವ್ ತೋಪು. ಪ್ರತಿ ಎರಡು ಮೂರು ತಿರುವಿಗೆ ಒಂದರಂತೆ ರಸ್ತೆ ಅಂಚಿನಲ್ಲಿ ಅಂಚೆ ಡಬ್ಬದಷ್ಟಿರುವ ತಗಡಿನ ಚರ್ಚು! ಕಂಬದ ಮೇಲೆ ನಿಲ್ಲಿಸಿದ್ದಾರೆ, ತಲೆಯ ಮೇಲೆ ಶಿಲುಬೆ, ಮುಂದೆ ಗಾಜಿನ ಬಾಗಿಲು. ಒಳಗೆ ಒಬ್ಬ ಸಂತನ ಪಟ, ಎಣ್ಣೆ ದೀಪ, ಬೆಂಕಿಪೊಟ್ಟಣ, ಕೋಲಾ ಬಾಟಲಿಯಲ್ಲಿ ಅರ್ಧ ಎಣ್ಣೆ. ಆ ದೀಪಕ್ಕೆ ಇವರು ‘ಕಂದೀಲಿ’ ಅನ್ನುತ್ತಾರೆ. ಹೌದು ಕಣೇ, ಸಾಗರದ ಅಜ್ಜಿಮನೆಯ ಕೊಟ್ಟಿಗೆಯಲ್ಲಿ ತೂಗುತ್ತಿತ್ತಲ್ಲ, ಅದೇ ಕಂದೀಲು. ನಮಗೆ ಅದು ಅರಬ್ಬಿ, ಪಾರ್ಸಿ ದಾರಿ ಸುತ್ತಿಕೊಂಡು ಬಂತು. ಬೇರು ಮಾತ್ರ ಒಂದೇ.

‘ಆ್ಯಕ್ಸಿಡೆಂಟ್ ಆದ ಜಾಗದಲ್ಲಿ ಮನೆಯವರು ಕಟ್ಟಿಸ್ತಾರೆ’ ಅಂದಳು ಆಂಟಿ. ಆಮೇಲೆ ನಾನು ಎಣಿಸುವುದಕ್ಕೆ ಶುರುಮಾಡಿದೆ. ಒಂದೊಂದು ಡಬ್ಬಕ್ಕೂ ಒಂದೊಂದು ಹೆಣ ಅಂತ ಲೆಕ್ಕ. ಇಪ್ಪತ್ತೆಂಟಕ್ಕೆ ಸಾಕಾಯಿತು. ಜುಲೈ ತಿಂಗಳು, ಮಳೆ, ನಿನ್ನ ಹೆಲ್ಮೆಟ್ ರಸ್ತೆಯ ಆ ಬದಿಗೆ ಉರುಳಿ ಬಿದ್ದಿದ್ದು ಕಣ್ಣಿಗೆ ಕಟ್ಟಿತು. ಆಂಟಿಗೆ ಹೇಳಲಿಲ್ಲ.

ಎಪಿಡೌರಸ್‌ನ ನಾಟಕಶಾಲೆ ಕ್ರಿಸ್ತಪೂರ್ವ 4ನೇ ಶತಮಾನದ್ದು. ಬೆಟ್ಟದ ಮಗ್ಗುಲಿಗೆ 55 ಸಾಲು ಕಲ್ಲಿನ ಆಸನ. ಹದಿಮೂರು ಹದಿನಾಲ್ಕು ಸಾವಿರ ಜನ ಕೂರಬಹುದಂತೆ. ಕೆಳಗೆ ನಡುವೆ ನಿಂತು ಬೆಂಕಿಕಡ್ಡಿ ಗೀರಿದರೂ ತುದಿಯ ಸಾಲಿಗೆ ಕೇಳುತ್ತದೆ ಅಂತ ಗೈಡುಗಳು ಪ್ರವಾಸಿಗರ ಕೈಲಿ ಗೀರಿಸುತ್ತಿದ್ದರು. ನಾನು ಮಂಡಿ ಹಿಡಿದುಕೊಂಡು ಮೇಲಿನವರೆಗೂ ಹತ್ತಿದೆ. ಕಡ್ಡಿಯ ಸದ್ದು ನನಗಂತೂ ಕೇಳಲಿಲ್ಲ. ಆದರೆ ಆಂಟಿ ಕೆಳಗಿನಿಂದ, ಸುಮ್ಮನೆ ಮಾತಾಡುವ ದನಿಯಲ್ಲಿ, ‘ಹಶವಾಗ್ತಾ ಇದ್ದು, ಇಳ್ದು ಬಾರೆ ಮಾರಾಯ್ತಿ’ ಅಂದದ್ದು ಒಂದಕ್ಷರ ಬಿಡದೆ ಕೇಳಿತು. ಈಜಿಪ್ಟಿನಲ್ಲಿ ಸಿಕ್ಕಿದ ಕ್ರಿ.ಶ. 2ನೇ ಶತಮಾನದ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆ ಅಂತ ಕೆಲವು ವಿದ್ವಾಂಸರು, ಇಲ್ಲ ಅಂತ ಇನ್ನು ಕೆಲವರು ವಾದ ಮಾಡುತ್ತಾರಲ್ಲ, ಅವರ ಜಗಳ ಅವರಿಗಿರಲಿ. ಗ್ರೀಕ್ ರಂಗದ ಮೇಲೆ ಹವ್ಯಕ ಕನ್ನಡಕ್ಕೆ ನಾನೇ ಸಾಕ್ಷಿ.

ನಾಫ್ಲಿಯೊಗೆ ಹೋಗುವ ದಾರಿಯಲ್ಲಿ ಅರ್ಕಾದಿಕೊ ಎಂಬಲ್ಲಿ ಒಂದು ಸಂಕ ಇದೆ. ಇಡೀ ಪ್ರವಾಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಅದೇ. ಸುಮಾರು 3,300 ವರ್ಷ ಹಳೆಯದು, ಇಲ್ಲಿನ ಪುರಾತನ ಮೈಸಿನಿ ನಾಗರಿಕತೆಯವರು ರಥ ದಾಟಿಸಲು ಕಟ್ಟಿದ್ದು. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದಾರೆ. ಟಿಕೆಟ್ ಇಲ್ಲ, ಕಾವಲಿಲ್ಲ. ನಮ್ಮೂರಿನ ಮೋರಿಯ ಹಾಗೆ ಅದರ ಪಾಡಿಗೆ ಅದು ಹುಲ್ಲಿನ ನಡುವೆ ಕೂತಿದೆ. ನಾವಿಬ್ಬರೂ ಅದರ ಮೇಲೆ ನಿಂತು ಚಕ್ಕುಲಿ ತಿಂದೆವು. ಪಕ್ಕದ ತೋಪಿನಲ್ಲಿ ಮರದ ಬುಡಕ್ಕೆ ಬಲೆ ಹಾಸಿ ಆಲಿವ್ ಉದುರಿಸುತ್ತಿದ್ದರು. ನಾನೊಂದು ಹೆಕ್ಕಿ ಕಚ್ಚಿದೆ. ಹಾಗಲಕಾಯಿ ಇದರ ಮುಂದೆ ಬೆಲ್ಲ! ಉಪ್ಪುನೀರಲ್ಲಿ ವಾರಗಟ್ಟಲೆ ನೆನೆಸಿಟ್ಟ ಮೇಲೇ ಅದನ್ನು ತಿನ್ನುವುದಂತೆ. ಬಲೆ ಎಳೆಯುತ್ತಿದ್ದವರು ಬಿದ್ದು ಬಿದ್ದು ನಕ್ಕರು.

ರಾತ್ರಿ ನಾಫ್ಲಿಯೊದಲ್ಲಿ ಊಟ. ಮಾಂಸ, ಮೊಟ್ಟೆ, ಹಾಲು ಏನೂ ಬೇಡ ಅನ್ನಲು ಆಂಟಿ ‘ನಿಸ್ತೀಸಿಮೊ’, ಅಂದರೆ ಉಪವಾಸದ ಅಡುಗೆ, ಅನ್ನುವ ಮಾತು ಕಲಿಸಿದ್ದಳು. ಧೈರ್ಯವಾಗಿ ನಾನೇ ಹೇಳಿದೆ. ಹೋಟೆಲ್ ಮಾಣಿ ‘ನೇ, ನೇ’ ಅಂದ. ಇಲ್ಲಿ ‘ನೇ’ ಅಂದರೆ ಹೌದು, ಗಲ್ಲ ಮೇಲೆತ್ತಿ ‘ತ್ಸ್’ ಅಂದರೆ ಇಲ್ಲ. ಬಂದದ್ದು ಆಕ್ಟೋಪಸ್! ಇವರ ಉಪವಾಸಕ್ಕೆ ಅದು ನಡೆಯುತ್ತದಂತೆ. ತಟ್ಟೆಯನ್ನು ಆಂಟಿಯ ಕಡೆ ತಳ್ಳಿ, ನಿಂಬೆಹುಳಿ ಹಿಂಡಿದ ಬೇಯಿಸಿದ ಸೊಪ್ಪಿನಲ್ಲಿ ಬ್ರೆಡ್ ಅದ್ದಿಕೊಂಡು ತಿಂದೆ. ಸೊಪ್ಪು ಚೆನ್ನಾಗಿತ್ತು.

ಭಾನುವಾರ ಅದೇ ರಸ್ತೆಯಲ್ಲಿ ವಾಪಸು. ಒಂದು ತಿರುವಿನಲ್ಲಿ ಕಪ್ಪು ಸೀರೆಯಂಥ ಉದ್ದ ಲಂಗದ ಅಜ್ಜಿಯೊಬ್ಬಳು ಡಬ್ಬದ ಬಾಗಿಲು ತೆಗೆದು ಕಂದೀಲಿಗೆ ಎಣ್ಣೆ ಹಾಕುತ್ತಿದ್ದಳು. ನಿಲ್ಲಿಸು ಅಂದೆ. ಇಳಿದು ಕೈ ಮುಗಿದೆ. ‘ಯಾರು ಹೋದದ್ದು, ಮಗನಾ?’ ಅಂತ ಆಂಟಿ ಅವರ ಭಾಷೆಯಲ್ಲಿ ಕೇಳಿದಳು. ಅಜ್ಜಿ ಗಲ್ಲ ಮೇಲೆತ್ತಿ ‘ತ್ಸ್’ ಅಂದಳು.

ಹೋಗಿಲ್ಲವಂತೆ. ಕಿತ್ತಳೆ ತುಂಬಿದ ಪಿಕಪ್ ಸಮೇತ ಅಲ್ಲಿಂದ ಕೆಳಗಿನ ತೋಪಿಗೆ ಉರುಳಿದನಂತೆ. ಭುಜದ ಮೂಳೆ ಮುರಿದುಕೊಂಡು ತಾನೇ ನಡೆದು ಮೇಲೆ ಬಂದನಂತೆ. ಬದುಕಿದ್ದಕ್ಕೂ ಕಟ್ಟಿಸುತ್ತಾರೆ, ಪುಟ್ಟೀ. ಇದು ಆಂಟಿಗೂ ಆಗ ನೆನಪಾಯಿತು. ‘ಅಯ್ಯೋ ಹೌದಲ್ಲೇ, ಹೇಳೋಕೇ ಮರೆತೆ’ ಅಂದಳು. ನನ್ನ ಇಪ್ಪತ್ತೆಂಟರಲ್ಲಿ ಹೆಣ ಎಷ್ಟು, ನಡೆದು ಬಂದವರು ಎಷ್ಟು ಅಂತ ಈಗ ಯಾರನ್ನು ಕೇಳಲಿ?

‘ಈಗಲೂ ಅವನೇ ಓಡಿಸುತ್ತಾನಾ?’ ಅಂದೆ. ದಿನಾ ಇದೇ ತಿರುವಿನಲ್ಲಿ ಹೋಗುವಾಗ ಎರಡು ಸಲ ಹಾರ್ನ್ ಹೊಡೆಯುತ್ತಾನಂತೆ. ಅವಳು ಅಡುಗೆಮನೆಯಲ್ಲಿದ್ದರೂ ಕೇಳುತ್ತದಂತೆ. ಅವತ್ತು ಭಾನುವಾರ, ಮಹಾಶಯ ಇನ್ನೂ ಎದ್ದಿರಲಿಲ್ಲ.

ಒಳಗೆ ಕರೆದು ಕೂರಿಸಿದಳು. ಸಣ್ಣ ಗಾಜಿನ ತಟ್ಟೆಯಲ್ಲಿ ಒಂದೇ ಒಂದು ಚಮಚ ಸಿಹಿ, ಪಕ್ಕಕ್ಕೆ ಒಂದು ಲೋಟ ತಣ್ಣೀರು. ಅಜ್ಜಿಮನೆಯ ಬೆಲ್ಲ-ನೀರೇ. ನಮ್ಮ ಹೇರಳೆಕಾಯಿಯ ಜಾತಿಯ ಕಹಿ ಕಿತ್ತಳೆ, ಅದರ ಸಿಪ್ಪೆಯನ್ನು ಸುರುಳಿ ಸುತ್ತಿ ಸಕ್ಕರೆ ಪಾಕದಲ್ಲಿ ಬೇಯಿಸಿದ್ದು. ಮೊದಲು ಸಿಹಿ, ಗಂಟಲಿಗಿಳಿಯುವಾಗ ಚೂರು ಕಹಿ. ಹೊರಡುವಾಗ ಒಂದು ಬಾಟಲಿ ತುಂಬಿ ಕೊಟ್ಟಳು. ಮೂರು ಪ್ಲಾಸ್ಟಿಕ್ ಸುತ್ತಿ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದೇನೆ.

ಇನ್ನೊಂದು. ನಿನ್ನ ಸ್ಕೂಟರ್ ಕೀ ದೇವರ ಕೋಣೆಯಲ್ಲಿ ಗಂಧದ ಕೊರಡಿನ ಹಿಂದೆ ಇದೆ. ಆಗಸ್ಟ್‌ನಲ್ಲಿ ನೀನು ಮನೆಯೆಲ್ಲಾ ಹುಡುಕಿದಾಗ ನಾನೂ ನಿನ್ನ ಜೊತೆ ಸೋಫಾ ಕೆಳಗೆಲ್ಲ ಬಗ್ಗಿ ನೋಡಿದೆನಲ್ಲ, ನಾಟಕ ಅದು. ಇಟ್ಟವಳು ನಾನೇ. ಆಮೇಲೆ ನೀನು ಕೇಳಲಿಲ್ಲ, ನಾನೂ ಒಳ್ಳೆಯದಾಯಿತು ಅಂತ ಸುಮ್ಮನಾದೆ.

ಬ್ಯಾಟರಿ ಇಳಿದಿರುತ್ತದೆ, ಕಿಕ್ ಹೊಡಿ. ಟಯರ್‌ಗೆ ಗಾಳಿ ಹಾಕಿಸು. ಗುರುವಾರ ಬೆಳಗಿನ ರೈಲಿಗೆ ಮೈಸೂರಿಗೆ ಬರುತ್ತೇನೆ. ಆಟೋ ಹೇಳಬೇಡ, ನೀನೇ ಬಾ. ಸೂಟ್‌ಕೇಸ್ ಚಿಕ್ಕದು, ನಿನ್ನ ಕಾಲ ಹತ್ತಿರ ಹಿಡಿಯುತ್ತದೆ.

ನಿನ್ನ
ಅಮ್ಮ