ಅಪ್ಪನ ಅರವತ್ತರ ಊಟಕ್ಕೆ ಹೋಟೆಲ್ ಹುಡುಕುತ್ತಿರುವವಳಿಗೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಬೆಂಗಳೂರಿನ ಏಷ್ಯನ್ ರೆಸ್ಟೋರೆಂಟುಗಳ ಪಟ್ಟಿ ನೋಡಿದೆ. ಯಾವುದು ಬೆಸ್ಟ್ ಹೇಳಿ ಅತ್ತೆ ಅಂತ ಕೇಳಿದ್ದೀಯ. ಫೋಟೋದಲ್ಲಿ ಎಲ್ಲವೂ ಬೆಸ್ಟೇ. ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡು. ಒಂದು ಹಾಳೆಯಲ್ಲಿ ಊಟಕ್ಕೆ ಬರುವವರ ಹೆಸರು ಬರಿ, ಒಬ್ಬೊಬ್ಬರ ಎದುರಿಗೆ ಅವರು ಏನು ತಿನ್ನುವುದಿಲ್ಲ ಅಂತ ಬರಿ. ಅಜ್ಜಿ: ಮೀನು, ಮಾಂಸ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ. ನಿಮ್ಮಮ್ಮ: ಮೊಟ್ಟೆ ಸೇರಿ ಯಾವ ನಾನ್‌ವೆಜ್ಜೂ ಇಲ್ಲ. ಅಣ್ಣನ ಮಗ: ಕಡಲೆಕಾಯಿ ಅಲರ್ಜಿ. ನಿಮ್ಮಪ್ಪ: ಸಪ್ಪೆ ಇದ್ದರೆ ಮುಟ್ಟುವುದಿಲ್ಲ. ಅತ್ತಿಗೆ ಮಾತ್ರ ಎಲ್ಲವನ್ನೂ ತಿನ್ನುತ್ತಾಳೆ, ಅವಳ ಚಿಂತೆ ಬೇಡ. ಈ ಹಾಳೆ ಕೈಯಲ್ಲಿಟ್ಟುಕೊಂಡು ನಿನ್ನ ಪಟ್ಟಿ ನೋಡಿದರೆ ಅರ್ಧ ತಾನಾಗಿಯೇ ಉದುರಿ ಹೋಗುತ್ತದೆ.

ಯಾಕೆ ಇಷ್ಟು ಹೇಳುತ್ತಿದ್ದೀನಿ ಅಂದರೆ, ಏಷ್ಯನ್ ಅಡುಗೆಯಲ್ಲಿ ಮೀನು ಕಣ್ಣಿಗೆ ಕಾಣುವುದಿಲ್ಲ. ನಮ್ಮಲ್ಲಿ ಉಪ್ಪು ಹಾಕುವ ಕಡೆ ಥಾಯ್ಲೆಂಡಿನವರು ಫಿಶ್ ಸಾಸ್ ಹಾಕುತ್ತಾರೆ. ಅವರ ಹಸಿರು, ಕೆಂಪು ಕರಿ ಪೇಸ್ಟಿಗೆ ಸೀಗಡಿಯ ಪೇಸ್ಟನ್ನೂ ಸೇರಿಸಿ ಅರೆಯುವುದು ವಾಡಿಕೆ. ಮೇಲೆ ಬರೀ ಬದನೆಕಾಯಿ, ಬೀನ್ಸ್ ತೇಲುತ್ತಿದ್ದರೆ ವೆಜ್ ಅಂತಲೇ ಅನಿಸುತ್ತದೆ. ಪರಂಗಿಕಾಯಿ ಸಲಾಡಿಗೆ ಒಣ ಸೀಗಡಿ ಬೀಳುತ್ತದೆ. ಜಪಾನಿನ ಮಿಸೋ ಅನ್ನುವ ಸೋಯಾ ಸೂಪಿಗೆ ಸಾಮಾನ್ಯವಾಗಿ ಒಣ ಮೀನಿನ ತಿಳಿ ನೀರೇ ಆಧಾರ. ತರಕಾರಿ ಟೆಂಪುರಾ, ಅಂದರೆ ಅವರ ಬಜ್ಜಿ, ಅದ್ದಿಕೊಳ್ಳಲು ಕೊಡುವ ಸಾಸೂ ಅದೇ ನೀರಿನದ್ದು. ಕೊರಿಯಾದ ಕಿಮ್ಚಿ ನೋಡುವುದಕ್ಕೆ ಎಲೆಕೋಸಿನ ಉಪ್ಪಿನಕಾಯಿ, ಒಳಗೆ ಮೀನೋ ಸೀಗಡಿಯೋ ಇರುತ್ತದೆ. ಚೈನೀಸ್‌ನಲ್ಲಿ ಹಸಿರು ಸೊಪ್ಪಿನ ಮೇಲೆ ಫಳಫಳ ಹೊಳೆಯುವ ಕಂದು ರಸ ಎಷ್ಟೋ ಸಲ ಆಯ್ಸ್ಟರ್ ಸಾಸ್, ಸಮುದ್ರದ ಚಿಪ್ಪಿನ ಮಾಂಸದ್ದು. ಅಜ್ಜಿಗೆ ಗೊತ್ತಾಗದೇ ಇರಬಹುದು. ಆದರೆ ಊಟ ಮುಗಿದ ಮೇಲೆ ಯಾರಾದರೂ ಬಾಯಿ ಬಿಟ್ಟರೋ, ನಿಮ್ಮಪ್ಪನ ಅರವತ್ತು ಎಲ್ಲರಿಗೂ ಆ ಒಂದು ಕಾರಣಕ್ಕೇ ನೆನಪಿರುತ್ತದೆ.

ಅದಕ್ಕೇ ಬುಕ್ ಮಾಡುವ ಮೊದಲು ಫೋನ್ ಮಾಡು. ಆ್ಯಪ್‌ನಲ್ಲಿ ಅಲ್ಲ, ಮಾತಾಡು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ, ನಾಲ್ಕು ಗಂಟೆ ಹೊತ್ತಿಗೆ ಮಾಡಿದರೆ ಅವರಿಗೂ ಪುರುಸೊತ್ತಿರುತ್ತದೆ. "ವೆಜ್ ಇದೆಯಾ" ಅಂತ ಕೇಳಬೇಡ, ಇದೆ ಮೇಡಂ ಅಂತಲೇ ಅನ್ನುತ್ತಾರೆ. ಹೀಗೆ ಕೇಳು: ವೆಜ್ ಕರಿಗೆ ಪೇಸ್ಟ್ ನೀವೇ ಅರೆಯುತ್ತೀರಾ, ಡಬ್ಬಿಯದ್ದಾ? ಫಿಶ್ ಸಾಸ್ ಬದಲು ಏನು ಹಾಕುತ್ತೀರಿ? ವೆಜ್‌ಗೆ ಬಾಣಲೆ, ಕರಿಯುವ ಎಣ್ಣೆ ಬೇರೆಯಾ? ಕಡಲೆಕಾಯಿ ಯಾವ ಯಾವುದರಲ್ಲಿದೆ? "ಎಲ್ಲಾ ಓಕೆ ಮೇಡಂ" ಅಂತ ತಕ್ಷಣ ಅಂದರೆ ಆ ಜಾಗ ಬಿಡು. "ಶೆಫ್‌ನ ಕೇಳಿ ಹೇಳ್ತೀನಿ" ಅಂದು ನಿಜವಾಗಲೂ ವಾಪಸ್ ಫೋನ್ ಮಾಡಿದರೆ ಅಲ್ಲಿಗೆ ಹೋಗೋಣ. ಹೋದ ದಿನ ಬಡಿಸುವ ಹುಡುಗನಿಗೆ ಮತ್ತೊಮ್ಮೆ ಹೇಳುವುದು ಮರೀಬೇಡ, ಅಲರ್ಜಿ ವಿಷಯ ಮುಖ್ಯವಾಗಿ.

ಈರುಳ್ಳಿ ಬೆಳ್ಳುಳ್ಳಿ ವಿಷಯಕ್ಕೆ ಭಾಷಣ ಬೇಡ. "ಜೈನ್ ಮಾಡಿಕೊಡ್ತೀರಾ" ಅಂದರೆ ಬೆಂಗಳೂರಿನ ಯಾವ ಅಡುಗೆಮನೆಗೂ ಅರ್ಥವಾಗುತ್ತದೆ. ಶುಂಠಿ, ಕ್ಯಾರೆಟ್, ಆಲೂಗಡ್ಡೆ ಪರವಾಗಿಲ್ಲ ಅಂತ ಸೇರಿಸು, ಇಲ್ಲದಿದ್ದರೆ ಅದನ್ನೂ ತೆಗೆದು ಬರೀ ಬಿಸಿನೀರು ತಂದಿಡುತ್ತಾರೆ. ಇನ್ನೊಂದು, ಚೀನಾದ ಬೌದ್ಧ ಮಠಗಳ ಅಡುಗೆಯಲ್ಲೂ ಈರುಳ್ಳಿ ಬೆಳ್ಳುಳ್ಳಿ ನಿಷಿದ್ಧ, ತೋಫು ಅಣಬೆಯಲ್ಲೇ ಎಲ್ಲಾ ನಡೆಯುತ್ತದೆ. ಚೀನಾದವರ ಊಟಕ್ಕೆ ಯಾಕೆ ಕರ್ಕೊಂಡು ಹೋಗ್ತೀರಾ ಅಂತ ಅಜ್ಜಿ ರಾಗ ಎಳೆದರೆ ಇದನ್ನು ಹೇಳು. ಅಲ್ಲಿಯೂ ಮಡಿ ಇದೆ ಅಂತ ಗೊತ್ತಾದರೆ ಅರ್ಧ ಒಪ್ಪುತ್ತಾರೆ.

ಈಗ ನಿನ್ನ ಪಟ್ಟಿ. ಬರ್ಮಾ ಬರ್ಮಾ ಪೂರ್ತಿ ಸಸ್ಯಾಹಾರಿ. ಮುಂಬೈಯಲ್ಲಿ 2014ರಲ್ಲಿ ಶುರುವಾದದ್ದು, ಇಂದಿರಾನಗರದಲ್ಲೂ ಇದೆ. ಮೀನಿನ ತನಿಖೆಯೇ ಬೇಕಿಲ್ಲ, ಅದೊಂದು ದೊಡ್ಡ ನೆಮ್ಮದಿ. ಅಲ್ಲಿ ಖಾವ್ ಸುಯೆ ತರಿಸು. ಒಂದು ಬಟ್ಟಲಲ್ಲಿ ನೂಡಲ್ಸ್, ಅದರ ಮೇಲೆ ತೆಂಗಿನ ಹಾಲಿಗೆ ಕಡಲೆಹಿಟ್ಟು ಕಲಸಿ ಕುದಿಸಿದ ಹಳದಿ ರಸ, ಪಕ್ಕದಲ್ಲಿ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಕರಿದ ಈರುಳ್ಳಿ, ಕರಿದ ಬೆಳ್ಳುಳ್ಳಿ, ಕಡಲೆಕಾಯಿ, ಮೆಣಸಿನ ಪುಡಿ, ನಿಂಬೆ ಹೋಳು. ಯಾರಿಗೆ ಬೇಕೋ ಅವರು ಬೇಕಾದಷ್ಟು ಹಾಕಿಕೊಳ್ಳುವುದು. ನಿಮ್ಮಪ್ಪ ಮೆಣಸಿನ ಪುಡಿಯ ಬಟ್ಟಲನ್ನೇ ಬಗ್ಗಿಸಿಕೊಳ್ಳುತ್ತಾನೆ, ಬಿಡು. ಆದರೆ ರಸದಲ್ಲೇ ಈರುಳ್ಳಿ ಇರುವುದುಂಟು, ಅಜ್ಜಿಗೆ ಬೇರೆ ಮಾಡಿಕೊಡುತ್ತಾರಾ ಕೇಳಿಕೋ. ಬರ್ಮಾದ ಅಡುಗೆಯಲ್ಲಿ ಕಡಲೆಕಾಯಿ ಜಾಸ್ತಿ, ಮಗುವಿನ ವಿಷಯ ಅಲ್ಲಿ ಹುಷಾರು.

ವೆಸ್ಟ್ ಎಂಡ್ ಹೋಟೆಲಿನ ಬ್ಲೂ ಜಿಂಜರ್ ವಿಯೆಟ್ನಾಮಿನ ಅಡುಗೆಯದ್ದು. ಆ ಹೋಟೆಲ್ ಶುರುವಾದದ್ದು 1887ರಲ್ಲಿ. ಆ ಮರಗಳ ನಡುವೆ ಸಂಜೆ ಕೂತರೆ ಅಡುಗೆ ಸುಮಾರಾಗಿದ್ದರೂ ಯಾರೂ ದೂರುವುದಿಲ್ಲ. ಆದರೆ ವಿಯೆಟ್ನಾಮಿನವರಿಗೂ ಫಿಶ್ ಸಾಸೇ ಪ್ರಾಣ, ಆದ್ದರಿಂದ ನಾಲ್ಕು ಗಂಟೆಯ ಫೋನ್ ಇಲ್ಲಿ ಕಡ್ಡಾಯ. ಎಂ.ಜಿ. ರಸ್ತೆಯ ಯವಾಚಾ ಮಾತ್ರ ನನಗೆ ಅನುಮಾನ. ಡಿಮ್ ಸಮ್, ಅಂದರೆ ಚೀನಾದವರ ಪುಟ್ಟ ಹಬೆ ಕಡುಬು, ಒಂದು ಬುಟ್ಟಿಗೆ ಮೂರೋ ನಾಲ್ಕೋ ಬರುತ್ತವೆ. ನಾವು ಒಂಬತ್ತು ಜನ. ಪ್ರತಿ ಬುಟ್ಟಿಗೂ "ನೀನು ತಗೋ, ನೀನು ತಗೋ" ಅಂತಲೇ ರಾತ್ರಿ ಕಳೆಯುತ್ತದೆ. ನಿನ್ನ ಗೆಳತಿಯರ ಜೊತೆ ಹೋಗು, ಚೆನ್ನಾಗಿರುತ್ತದೆ. ಜಪಾನಿನ ಹೋಟೆಲಿನಲ್ಲಿ ಕಣ್ಣೆದುರೇ ಬೆಂಕಿ ಹಾರಿಸಿ ಅಡುಗೆ ಮಾಡುವ ಕೌಂಟರ್ ಮಕ್ಕಳಿಗೆ ಸರ್ಕಸ್. ನಮಗೆ? ಸಾಲಾಗಿ ಬಸ್ಸಿಗೆ ಕಾಯುವವರ ಹಾಗೆ ಕೂತು, ಆ ತುದಿಯಲ್ಲಿರುವ ನಿಮ್ಮಪ್ಪನ ಮುಖ ನೋಡುವುದಕ್ಕೆ ಬಗ್ಗಬೇಕು. ದುಂಡು ಟೇಬಲ್ ಕೇಳು, ನಡುವೆ ತಿರುಗುವ ತಟ್ಟೆ ಇದ್ದರೆ ಇನ್ನೂ ಒಳ್ಳೆಯದು. ನೆಲಮಟ್ಟದ ಜಪಾನೀ ಆಸನ ಬೇಡವೇ ಬೇಡ, ಅಜ್ಜಿಯ ಮಂಡಿ ನೆನಪಿಟ್ಟುಕೋ. ಲಿಫ್ಟ್ ಇದೆಯಾ, ಶನಿವಾರ ರಾತ್ರಿ ಡಿಜೆ ಇರುತ್ತದಾ, ಇದನ್ನೂ ಕೇಳು. ಏಳು ಗಂಟೆಗೇ ಹೋಗೋಣ. ಏಕಾದಶಿ ಬಂದಿದೆಯಾ ಅಂತ ಪಂಚಾಂಗ ನೋಡಿಕೊಂಡೇ ದಿನ ಇಡು.

ದುಡ್ಡಿನ ವಿಷಯ ನಿನಗೆ ಇಷ್ಟ ಆಗುವುದಿಲ್ಲ, ಗೊತ್ತು. ಆದರೂ ಕೇಳು. ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ರೂಮುಗಳಿರುವ ಹೋಟೆಲಿನೊಳಗೆ ಉಂಡರೆ ಜಿಎಸ್‌ಟಿ 18%, ಹೊರಗಿನ ರೆಸ್ಟೋರೆಂಟಿನಲ್ಲಿ 5%. 30,000 ರೂಪಾಯಿ ಬಿಲ್ಲಿಗೆ ಅದು 5,400, ಇದು 1,500. ಸರ್ವಿಸ್ ಚಾರ್ಜ್ ಅಂತ ತಾವೇ ಸೇರಿಸಿದ್ದರೆ ತೆಗೆಯಿರಿ ಅಂತ ಹೇಳಬಹುದು. ಬಿಲ್ಲಿಗೆ ತಾವಾಗಿ ಸೇರಿಸುವ ಹಾಗಿಲ್ಲ ಅಂತ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಸಿ, ಬಡಿಸಿದ ಹುಡುಗನ ಕೈಗೆ ನೀನೇ ಕೊಡು. ನಿಮ್ಮಪ್ಪನ ಎದುರು ಮಾತ್ರ ಈ ಲೆಕ್ಕಾಚಾರ ಬೇಡ. ಮೊದಲೇ ಕಾರ್ಡ್ ಕೊಟ್ಟಿರು, ಇಲ್ಲದಿದ್ದರೆ ಅವನು ಬಿಲ್ ಕಿತ್ತುಕೊಳ್ಳುತ್ತಾನೆ, ಅಣ್ಣನೂ ಕೈ ಹಾಕುತ್ತಾನೆ, ಸುಮ್ನೆ ನಾಟಕ.

ಅಂದಹಾಗೆ ಏಷ್ಯನ್ ಊಟವೇ ಯಾಕೆ ಅಂತ ನಿಮ್ಮಮ್ಮ ಕೇಳಿದಳಂತೆ. ಅವಳಿಗೆ ಇದನ್ನು ಹೇಳು. ನಿಮ್ಮಪ್ಪ ಹುಟ್ಟಿದ್ದು ಪರಾಭವ ಸಂವತ್ಸರದಲ್ಲಿ, 1966ರಲ್ಲಿ. ಅರವತ್ತು ಸಂವತ್ಸರ ಸುತ್ತಿ ಈಗ ಮತ್ತೆ ಪರಾಭವ. ಚೀನಾದವರಿಗೂ ಅರವತ್ತು ವರ್ಷದ್ದೇ ಚಕ್ರ. 1966 ಅವರಿಗೆ ಬೆಂಕಿ ಕುದುರೆಯ ವರ್ಷ, 2026 ಮತ್ತೆ ಅದೇ. ಜಪಾನಿನಲ್ಲಿ ಅರವತ್ತು ತುಂಬಿದವರಿಗೆ ಕೆಂಪು ಅಂಗಿ, ಕೆಂಪು ಟೋಪಿ ಹಾಕಿ ಕೂರಿಸುತ್ತಾರೆ. ಮನೆಯಲ್ಲಿ ಬೆಳಗ್ಗೆ ಹೋಮ, ಬಾಳೆಲೆ ಊಟ ಎಲ್ಲಾ ಇರುತ್ತದಲ್ಲ, ರಾತ್ರಿ ಊಟಕ್ಕೆ ನೀವಿಬ್ಬರು ಒಂದು ಕೆಂಪು ಶಾಲು ಹೊದಿಸಿ. ಟೋಪಿ ಬೇಡ, ಅವನು ಹಾಕಿಕೊಳ್ಳುವುದಿಲ್ಲ. ಹುಟ್ಟುಹಬ್ಬಕ್ಕೆ ಉದ್ದದ ನೂಡಲ್ಸ್ ತಿನ್ನುವುದು ಚೀನಾದ ರೂಢಿ, ಆಯಸ್ಸು ಉದ್ದವಾಗಲಿ ಅಂತ. ತುಂಡು ಮಾಡಬಾರದು. ಒಂದು ತಟ್ಟೆ ಮೊದಲೇ ಹೇಳಿಡು, ಕತ್ತರಿಸದೆ ತನ್ನಿ ಅಂತ. ಕೇಕ್ ನೀನೇ ತರುವುದಾದರೆ ಒಳಗೆ ಬಿಡುತ್ತಾರಾ ಕೇಳು, ಮೊಟ್ಟೆ ಇಲ್ಲದ್ದೇ ತಾ.

ಮಕ್ಕಳಿಗೆ ಒಂದು ಮಾತು ಹೇಳಿರು, ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಚೀನಾ, ಜಪಾನಿನಲ್ಲಿ ಅದು ಸತ್ತವರಿಗೆ ಇಡುವ ರೀತಿ. ಅಜ್ಜಿಗೆ ಸ್ಪೂನ್ ಕೊಡಿಸು, ಮುಜುಗರವೇನಿಲ್ಲ, ಥಾಯ್ ಜನರೂ ಅನ್ನ ತಿನ್ನುವುದು ಸ್ಪೂನಿನಲ್ಲೇ. ಗೋಬಿ ಮಂಚೂರಿ ಇಲ್ವಾ ಅಂತ ನಿಮ್ಮಪ್ಪ ಕೇಳಿಯೇ ಕೇಳುತ್ತಾನೆ. ಇಲ್ಲ ಅಂತ ಈಗಲೇ ಹೇಳಿಬಿಡು. ಬೀದಿಯ ಗೋಬಿಗೆ ಹಾಕುತ್ತಿದ್ದ ಆ ಕೆಂಪು ಬಣ್ಣವನ್ನು ನಮ್ಮ ಸರ್ಕಾರವೇ 2024ರಲ್ಲಿ ನಿಷೇಧಿಸಿತು, ಇನ್ನೂ ಅದರದ್ದೇ ಧ್ಯಾನ ಅವನಿಗೆ.

ಫೋನ್ ಮಾಡಿ ಆದ ಮೇಲೆ ಯಾರು ಏನಂದರು ಅಂತ ನನಗೆ ಬರಿ. ಎರಡು ಉಳಿದರೆ ನಾನು ಬರ್ಮಾ ಬರ್ಮಾ ಕಡೆ, ಕಡಲೆಕಾಯಿ ವಿಷಯಕ್ಕೆ ಅವರು ಸರಿಯಾದ ಉತ್ತರ ಕೊಟ್ಟರೆ ಮಾತ್ರ. ದಿನ ಗೊತ್ತಾದ ತಕ್ಷಣ ಹೇಳು, ಮೈಸೂರಿಂದ ಮಧ್ಯಾಹ್ನದ ರೈಲಿಗೆ ಟಿಕೆಟ್ ಮಾಡಿಸಬೇಕು.

ನಿನ್ನ ಅತ್ತೆ