ಡಯಾಲಿಸಿಸ್ ಘಟಕಕ್ಕೆ ಕರೆಂಟಿನ ಖಾತ್ರಿ ಬೇಕು

ಮಾನ್ಯರೇ,

ಮಳೆಗಾಲದಲ್ಲಿ ಆಗಾಗ ಕರೆಂಟ್ ಕೈಕೊಡುವ ಮಲೆನಾಡಿನಲ್ಲಿ ತಾಲ್ಲೂಕು ಮಟ್ಟದ ಆಸ್ಪತ್ರೆಗಳಿಗೆ, ಕಿಡ್ನಿ ಕೆಲಸ ಮಾಡದವರ ರಕ್ತವನ್ನು ಕೊಳವೆಯಲ್ಲಿ ಹೊರತಂದು ಶುದ್ಧಮಾಡಿ ಮೈಗೆ ಹಿಂದಿರುಗಿಸುವ ಡಯಾಲಿಸಿಸ್ ಯಂತ್ರ ಕೊಟ್ಟರಷ್ಟೇ ಸಾಲದು, ತಡೆಯಿಲ್ಲದ ವಿದ್ಯುತ್ತಿನ ಖಾತ್ರಿಯನ್ನೂ ಕೊಡಬೇಕು.

ಕಳೆದ ಆಷಾಢದಲ್ಲಿ ನನ್ನ ಅಣ್ಣನಿಗೆ ಡಯಾಲಿಸಿಸ್ ನಡೆಯುತ್ತಿದ್ದಾಗಲೇ ಎಲ್ಲೋ ಮರ ಬಿದ್ದು ಲೈನ್ ಹೋಯಿತು. ಜನರೇಟರ್ ಚಾಲೂ ಆಗಲಿಲ್ಲ. ಯಂತ್ರದೊಳಗಿನ ಬ್ಯಾಟರಿಯೂ ಮುಗಿದಾಗ, ಕೊಳವೆಯಲ್ಲಿದ್ದ ರಕ್ತ ಹೆಪ್ಪುಗಟ್ಟುವ ಮೊದಲು ಅದನ್ನು ಮೈಗೆ ಹಿಂದಿರುಗಿಸಲು ಸಿಸ್ಟರ್ ಒಬ್ಬರು ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಪಂಪಿನ ಹಿಡಿಕೆಯನ್ನು ಕೈಯಿಂದಲೇ ತಿರುಗಿಸಿದರು. ಅವರ ಸಮಯಪ್ರಜ್ಞೆಗೆ ಕೈಮುಗಿಯಬೇಕು. ಆದರೆ ರೋಗಿಯ ಜೀವ ಪ್ರತಿ ಸಲವೂ ಒಬ್ಬರ ರಟ್ಟೆಬಲವನ್ನು ನಂಬಿಕೊಂಡಿರಲಾದೀತೇ?

ಸಾಮಾನ್ಯವಾಗಿ ವಾರಕ್ಕೆ ಎರಡು-ಮೂರು ಬಾರಿ, ಪ್ರತಿ ಬಾರಿಯೂ ಸುಮಾರು 4 ಗಂಟೆ ನಡೆಯುವ ಈ ಚಿಕಿತ್ಸೆ ತಪ್ಪಿದರೆ ದೇಹದಲ್ಲಿ ನೀರಿನಂಶವೂ ಪೊಟ್ಯಾಸಿಯಂ ಕೂಡ ಏರಿ ಹೃದಯಕ್ಕೇ ಅಪಾಯ. ಒಂದು ಸರದಿಗೆ 120 ಲೀಟರಿನಷ್ಟು ಶುದ್ಧೀಕರಿಸಿದ ನೀರು ಬೇಕಾಗುವುದರಿಂದ ಆ ನೀರನ್ನು ಶುದ್ಧೀಕರಿಸುವ ಆರ್‌ಒ ಘಟಕವೂ ಓಡುತ್ತಲೇ ಇರಬೇಕು; ಸಣ್ಣ ಯುಪಿಎಸ್‌ನಿಂದ ಇದು ಆಗುವ ಕೆಲಸವಲ್ಲ. ತಾಲ್ಲೂಕಿನ ಘಟಕ ನಿಂತರೆ ಹೊಸನಗರ, ತೀರ್ಥಹಳ್ಳಿ ಕಡೆಯ ಒಳಹಳ್ಳಿಗಳವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿಬರುವುದರಲ್ಲೇ ದಿನ ಕಳೆದುಹೋಗುತ್ತದೆ.

ಆದ್ದರಿಂದ ಆರೋಗ್ಯ ಇಲಾಖೆಯು ಮೇ ತಿಂಗಳಲ್ಲೇ ಪ್ರತಿ ಘಟಕದ ಜನರೇಟರನ್ನು, ಬರೀ ಚಾಲೂ ಮಾಡಿ ನೋಡದೆ ಎಲ್ಲ ಯಂತ್ರಗಳ ಹೊರೆ ಹಾಕಿ ಪರೀಕ್ಷಿಸಿ, ಸಾಕಷ್ಟು ಡೀಸೆಲ್ ದಾಸ್ತಾನಿಟ್ಟು, ಪ್ರತಿ ಪಾಳಿಯಲ್ಲೂ ಅದನ್ನು ನಡೆಸಬಲ್ಲ ಒಬ್ಬ ಸಿಬ್ಬಂದಿಯನ್ನು ನೇಮಿಸಲಿ.

– ಒಬ್ಬ ಓದುಗ, ಶಿವಮೊಗ್ಗ ಜಿಲ್ಲೆ