ಪ್ಯಾಡಿಗೆ ಸಿಇ ಇದೆ, ಜಾಕೆಟ್ಟಿಗೆ ಇದೆಯಾ?

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರಿನ ವಿಜಯಪುರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸು, ಯೂನಿಫಾರ್ಮು, ಸೀರೆಗೆ ಫಾಲ್ಸು, ಇದೇ ದಿನದ ಕೆಲಸ. ಜುಲೈ ಬಂದರೆ ಮಾತ್ರ ಬೇರೆ ಥರದ ಗಿರಾಕಿಗಳು ಬರುತ್ತಾರೆ. ಸೆಪ್ಟೆಂಬರ್‌ಗೆ ಇಂಗ್ಲೆಂಡಿಗೆ ಓದಲು ಹೊರಟ ಹುಡುಗ ಹುಡುಗಿಯರು, ಜೊತೆಗೆ ಅಮ್ಮಂದಿರು. ಕೈಯಲ್ಲಿ ಹೊಸ ರೈಡಿಂಗ್ ಜಾಕೆಟ್ಟು, ಪ್ಯಾಂಟು. "ಆಂಟಿ, ಅಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ತಗೋತೀನಿ. ಪ್ಯಾಂಟ್ ಎರಡು ಇಂಚು ಕಡಿಮೆ ಮಾಡಿಕೊಡಿ" ಅಂತಾರೆ. ಮುಳ್ಳಯ್ಯನಗಿರಿ, ಚಾರ್ಮಾಡಿ ಅಂತ ಸುತ್ತಿದ ಮಕ್ಕಳು, ಅಲ್ಲಿ ಹೋಗಿ ಬಸ್ಸಿಗೆ ಕಾಯ್ತಾರಾ? ನನ್ನ ಮಗನೂ ಶೆಫೀಲ್ಡ್‌ನಲ್ಲಿ ಬೈಕ್ ಓಡಿಸುತ್ತಾನೆ. ಬೇಡ ಅಂದರೆ ಕೇಳುವವನಲ್ಲ. ಅವನು ಹೇಳಿದ್ದು, ನಾನು ಬಿಚ್ಚಿ ನೋಡಿದ್ದು ಎರಡನ್ನೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ.

ಅಂಗಡಿಗಳಲ್ಲಿ "ಸಿಇ ಜಾಕೆಟ್ಟು" ಅಂತ ಹೇಳಿ ಮಾರುತ್ತಾರೆ. ಸಿಇ ಅಂದರೆ ಯುರೋಪಿನ ಸುರಕ್ಷತಾ ನಿಯಮಕ್ಕೆ ಒಪ್ಪುತ್ತದೆ ಅನ್ನುವ ಗುರುತು. ಮೊಣಕೈ, ಭುಜದ ಹತ್ತಿರದ ಒಳಜೇಬಿನಿಂದ ಪ್ಯಾಡ್ ಎಳೆದು ನೋಡಿ. ಅದರ ಮೇಲೆ ಸಿಇ ಅಂತ ಅಚ್ಚಾಗಿರುತ್ತದೆ, ಇಎನ್ 1621-1 ಎಂಬ ಯುರೋಪಿನ ಮಾನದಂಡದ ನಂಬರೂ ಇರುತ್ತದೆ. ಆದರೆ ಅದು ಪ್ಯಾಡಿನ ಲೆಕ್ಕ. ಜಾಕೆಟ್ಟಿಗೆ ಬೇರೆಯದೇ ಪರೀಕ್ಷೆ ಇದೆ, ಅದರ ನಂಬರು ಇಎನ್ 17092. ರಸ್ತೆಗೆ ಉಜ್ಜಿದಾಗ ಬಟ್ಟೆ ಎಷ್ಟು ತಾಳುತ್ತದೆ, ಎಳೆದರೆ ಹರಿಯುತ್ತದಾ, ಹೊಲಿಗೆ ಬಿಡುತ್ತದಾ ಅಂತ ಅದರಲ್ಲಿ ನೋಡುತ್ತಾರೆ. ಪಾಸಾದ ಜಾಕೆಟ್ಟಿನ ಒಳಗೆ ಬೈಕ್ ಸವಾರನ ಚಿತ್ರವಿರುವ ಲೇಬಲ್ ಇರುತ್ತದೆ. ಪಕ್ಕದಲ್ಲಿ ಎಎಎ, ಎಎ ಅಥವಾ ಎ. ಎಎಎ ಎಲ್ಲಕ್ಕಿಂತ ಗಟ್ಟಿ, ಎ ಹಗುರ. ಸಿ ಅಂತಿದ್ದರೆ ಅದು ಪ್ಯಾಡ್ ಹಿಡಿದಿಡುವ ಒಳಅಂಗಿ ಅಷ್ಟೇ, ಅದನ್ನೊಂದೇ ಹಾಕಿಕೊಂಡು ಹೊರಡುವಂತಿಲ್ಲ.

ಆಲ್ದೂರು ಕಡೆಯ ಹುಡುಗನೊಬ್ಬ ತಂದ ಜಾಕೆಟ್ಟಿನಲ್ಲಿ ಈ ಲೇಬಲ್ಲೇ ಇರಲಿಲ್ಲ. ಬೆನ್ನಿನ ಜೇಬಿನಲ್ಲಿದ್ದದ್ದು ಬರೀ ಸ್ಪಂಜು. ಹೆಬ್ಬೆರಳಿನಲ್ಲಿ ಒತ್ತಿದರೆ ಆ ಕಡೆ ಹಿಡಿದ ಬೆರಳಿಗೆ ತಾಗುತ್ತಿತ್ತು. ಬೆನ್ನಿಗೆ ಇಎನ್ 1621-2 ಗುರುತಿನ ಪ್ಯಾಡ್ ಬೇಕು, ಅದನ್ನು ಬೇರೆಯಾಗಿ ಕೊಳ್ಳಬೇಕಾಗಬಹುದು. ಆ ಜಾಕೆಟ್ಟಿನ ತೋಳು ಕೂಡುವ ಕಡೆ ಒಂದೇ ಹೊಲಿಗೆ. ನಾನು ಮೂರನೇ ಕ್ಲಾಸಿನ ಹುಡುಗನ ನಿಕ್ಕರಿಗೂ ಎರಡು ಹೊಲಿಗೆ ಹಾಕುತ್ತೇನೆ. ವಾಪಸ್ ಕೊಡಲು ಹೋದರೆ ಅಂಗಡಿಯವರು "ಪ್ಯಾಡಿಗೆ ಸಿಇ ಇದೆಯಲ್ಲ" ಅಂದರಂತೆ. ನಿಜ, ಇತ್ತು!

ಇನ್ನು ನನ್ನ ಕೆಲಸದ ಮಾತು. ರೈಡಿಂಗ್ ಪ್ಯಾಂಟನ್ನು ನಿಂತುಕೊಂಡು ಅಳತೆ ನೋಡಬೇಡಿ. ಬೈಕಿನ ಮೇಲೆ ಕೂತಾಗ ಪ್ಯಾಂಟ್ ಮೇಲಕ್ಕೆ ಸರಿಯುತ್ತದೆ. ನಿಂತಾಗ ಉದ್ದ ಅನ್ನಿಸಿದ್ದು ಕೂತಾಗ ಸರಿಹೋಗುತ್ತದೆ. ಮಂಡಿಯ ಪ್ಯಾಡ್ ಮಂಡಿಚಿಪ್ಪಿನ ಮೇಲೇ ಕೂರಬೇಕು. ಪಾದದ ಹತ್ತಿರ ಮಡಚಿ ಹೊಲಿದರೆ ಪ್ಯಾಡ್ ಇದ್ದಲ್ಲೇ ಇರುತ್ತದೆ, ಆದರೆ ಮಂಡಿಯ ಹತ್ತಿರ ಹಿಡಿದರೆ ಅದು ಜಾಗ ಬಿಡುತ್ತದೆ. ವಾಟರ್‌ಪ್ರೂಫ್ ಬಟ್ಟೆಗೆ ಸೂಜಿ ಹಾಕಿಸುವುದೂ ಬೇಡ. ಒಂದೊಂದು ತೂತಿನಲ್ಲೂ ನೀರು ಇಳಿಯುತ್ತದೆ. ಒಳಗಿನಿಂದ ಸೀಮ್ ಟೇಪ್ ಅಂಟಿಸುವ ಮೆಷಿನ್ ನನ್ನಂಥವರ ಹತ್ತಿರ ಇರುವುದಿಲ್ಲ. ಹಾಗಾಗಿ ಇಂಥ ಜಾಕೆಟ್ ಬಂದರೆ ವಾಪಸ್ ಕಳಿಸುತ್ತೇನೆ, ನನಗೆ ಕೂಲಿ ಹೋದರೂ ಸರಿ. ನಮ್ಮ ಬಿಸಿಲಿಗೆಂದು ಮಾಡಿದ ಜಾಲರಿ ಜಾಕೆಟ್ಟೂ ಅಲ್ಲಿನ ಚಳಿ ಮಳೆಗೆ ಸಾಲದು. ಒಳಗೆ ಸ್ವೆಟರ್ ಹಾಕಿಕೊಂಡೇ ಸೈಜ್ ನೋಡಿ.

ಬಟ್ಟೆ, ಬೂಟು, ಗ್ಲೌಸು ಇಲ್ಲೇ ಕೊಳ್ಳಲಿ. ಸೈಜ್ ಆಗದಿದ್ದರೆ ಬದಲಾಯಿಸಲು ಅಂಗಡಿ ಹತ್ತಿರ ಇರುತ್ತದೆ. ಹೆಲ್ಮೆಟ್ ಮಾತ್ರ ಅಲ್ಲಿ ಹೋಗಿ ಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ನಮ್ಮಲ್ಲಿ 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ಬ್ರಿಟನ್ನಿನಲ್ಲಿ ಐಎಸ್‌ಐ ಒಂದೇ ಇದ್ದರೆ ನಡೆಯುವುದಿಲ್ಲ. ವಿಶ್ವಸಂಸ್ಥೆಯ ಹೆಲ್ಮೆಟ್ ನಿಯಮವಾದ ಇಸಿಇ 22.05 ಅಥವಾ ಹೊಸ 22.06ರ ಗುರುತು ಇರಬೇಕು, ಇಲ್ಲವೇ ಅಲ್ಲಿನವರದೇ ಗುರುತು. ಗಲ್ಲದ ಪಟ್ಟಿಗೆ ಹೊಲಿದ ಚೀಟಿ ನೋಡಿ. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲೊಂದು ಅಂಕಿ ಇರುತ್ತದೆ. ಆ ಅಂಕಿ ಒಪ್ಪಿಗೆ ಕೊಟ್ಟ ದೇಶದ್ದು, 4 ಅಂದರೆ ನೆದರ್ಲೆಂಡ್ಸ್, 9 ಅಂದರೆ ಸ್ಪೇನ್. ಜೊತೆಗಿರುವ ನಂಬರು 06ರಿಂದ ಶುರುವಾದರೆ 22.06ರದ್ದು. ಐಎಸ್‌ಐ, ಇಸಿಇ ಎರಡೂ ಗುರುತಿರುವ ಹೆಲ್ಮೆಟ್ ಇಲ್ಲೂ ಸಿಗುತ್ತವೆ, ಆದರೆ ಲಗೇಜಿಗೆ ಹಾಕಿದರೆ ಎಲ್ಲಿ ಎಸೆದರೋ, ಎಷ್ಟು ಪೆಟ್ಟು ಬಿತ್ತೋ ಯಾರಿಗೆ ಗೊತ್ತು? ಅಲ್ಲಿನ ಸರ್ಕಾರ ಶಾರ್ಪ್ ಎಂಬ ಹೆಸರಿನಲ್ಲಿ ಹೆಲ್ಮೆಟ್‌ಗಳನ್ನು ಪರೀಕ್ಷೆ ಮಾಡಿ 1ರಿಂದ 5 ಸ್ಟಾರ್ ಕೊಡುತ್ತದೆ. ನನ್ನ ಮಗ ಅದನ್ನು ನೋಡಿಯೇ ಕೊಂಡದ್ದು.

ವಿದೇಶಕ್ಕೆ ಕಳಿಸುವ ಕನ್ಸಲ್ಟೆನ್ಸಿಯವರಲ್ಲಿ ನನ್ನದೊಂದು ಕೋರಿಕೆ ಇದೆ. ನೀವು ಕೊಡುವ ಪಟ್ಟಿಯಲ್ಲಿ ಕುಕ್ಕರ್, ಉಪ್ಪಿನಕಾಯಿ, ಥರ್ಮಲ್ ಬನಿಯನ್ ಎಲ್ಲ ಇರುತ್ತದೆ. ಅದರಲ್ಲೇ ಈ ನಂಬರುಗಳಿಗೂ ಎರಡು ಸಾಲು ಕೊಡಿ. ಅಂಗಡಿಯವರು ಬಿಲ್ಲಿನಲ್ಲಿ ಸುಮ್ನೆ "ಸಿಇ" ಅಂತ ಬರೆಯುವ ಬದಲು ಪ್ಯಾಡಿಗೋ ಜಾಕೆಟ್ಟಿಗೋ ಅಂತ ಬಿಡಿಸಿ ಬರೆಯಲಿ. ಹಾಗೆ ಬರೆದ ಬಿಲ್ ಕೈಯಲ್ಲಿದ್ದರೆ ಆ ಆಲ್ದೂರಿನ ಹುಡುಗ ಗ್ರಾಹಕರ ಆಯೋಗಕ್ಕೆ ಹೋಗಬಹುದಿತ್ತು.

ಇಂತಿ,
ಒಬ್ಬ ಟೈಲರ್, ವಿಜಯಪುರ, ಚಿಕ್ಕಮಗಳೂರು